ಬೆಳಗಿನ ಜಾವಕ್ಕೂ ಉಳಿಯುವ ಬೆಂಕಿ: ಕೊಡಗಿನ ಚಳಿಯಲ್ಲಿ ಟೆಂಟ್ ಹಾಕುವವರಿಗೆ

ಡಿಸೆಂಬರ್, ಜನವರಿಯಲ್ಲಿ ಕೊಡಗಿಗೆ ಬಂದು ಟೆಂಟ್ ಹಾಕುವ ಬಹಳಷ್ಟು ಜನ ಬೆಂಕಿ ಹಾಕುವುದು ಸಂಜೆಯ ಖುಷಿಗೆ. ಏಳು ಗಂಟೆಗೆ ಆಳೆತ್ತರದ ಉರಿ, ಸುತ್ತ ಹಾಡು, ಹರಟೆ. ಹತ್ತೂವರೆ ಆಗುವಷ್ಟರಲ್ಲಿ ಸೌದೆ ಖಾಲಿ, ಎಲ್ಲರೂ ಮಲಗಲು ಹೊರಡುತ್ತಾರೆ. ಚಳಿ ನಿಜವಾಗಿ ಮೈಗೆ ಹತ್ತುವುದು ಅಲ್ಲಿಂದಾಚೆಗೆ. ಈ ತಿಂಗಳುಗಳಲ್ಲಿ ಇಲ್ಲಿ ರಾತ್ರಿ ಹನ್ನೆರಡು ಗಂಟೆಗೂ ಉದ್ದ. ಮೋಡವಿಲ್ಲದ ರಾತ್ರಿ ನೆಲ ಹಗಲಿನ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುತ್ತಲೇ ಇರುತ್ತದೆ. ಹಾಗಾಗಿ ಅತಿ ಹೆಚ್ಚು ಥಂಡಿ ಇರುವುದು ನಡುರಾತ್ರಿಯಲ್ಲಲ್ಲ, ಬೆಳಕು ಹರಿಯುವ ಹೊತ್ತಿಗೆ. ಸುಮಾರು 1150 ಮೀಟರ್ ಎತ್ತರದ ಮಡಿಕೇರಿಯ ಸುತ್ತ ಆಗ ಹತ್ತು-ಹನ್ನೆರಡು ಡಿಗ್ರಿಗೆ ಇಳಿಯುವುದುಂಟು. ಅಂಕಿ ಕೇಳಿದರೆ ಭಯವಾಗುವುದಿಲ್ಲ. ಇಬ್ಬನಿಗೆ ಒದ್ದೆಯಾದ ಜರ್ಕಿನ್ ತೊಟ್ಟು, ತಣ್ಣನೆಯ ನೆಲದ ಮೇಲೆ ತೆಳ್ಳಗಿನ ಚಾಪೆ ಹಾಸಿ ಮಲಗಿದವರಿಗೆ ಮಾತ್ರ ಹಲ್ಲು ಕಡಿಯುವಂತಾಗುತ್ತದೆ.

ಆದ್ದರಿಂದ ಇಲ್ಲಿ ಹೇಳುವ ಲೆಕ್ಕವೆಲ್ಲ ಬೆಳಗಿನ ಜಾವ ನಾಲ್ಕು ಗಂಟೆಯದು. ಆ ಹೊತ್ತಿಗೆ ಕೆಂಡ ಇರಬೇಕು, ಒಣ ಸೌದೆ ಕೈಗೆ ಸಿಗಬೇಕು, ಮೈ ಒಣಗಿರಬೇಕು. ಈ ಮೂರಿದ್ದರೆ ಸಂಜೆಯ ಉರಿ ಮೊಣಕಾಲೆತ್ತರ ಇದ್ದರೂ ಸಾಕು.

ಎಲ್ಲಿ ಹಾಕಬಾರದು

ಕಾಡಿನಲ್ಲಿ ಬೇಡ. ತಡಿಯಂಡಮೋಳ್ (1748 ಮೀಟರ್), ಮಾಂದಲಪಟ್ಟಿ, ಬ್ರಹ್ಮಗಿರಿ, ಪುಷ್ಪಗಿರಿ ಹೀಗೆ ಚಾರಣಿಗರು ಹೆಸರು ಹಿಡಿದು ಹುಡುಕಿಕೊಂಡು ಬರುವ ಬೆಟ್ಟಗಳು ಮೀಸಲು ಅರಣ್ಯ ಅಥವಾ ವನ್ಯಜೀವಿಧಾಮಗಳಿಗೆ ಸೇರಿದವು. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಮೂರು ವನ್ಯಜೀವಿಧಾಮಗಳು, ಜೊತೆಗೆ ನಾಗರಹೊಳೆ. ಇಲ್ಲೆಲ್ಲ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗಳ ಪ್ರಕಾರ ಅಪರಾಧ. ಕಾನೂನನ್ನು ಬದಿಗಿಟ್ಟು ನೋಡಿದರೂ, ಮಳೆಗಾಲದಲ್ಲಿ ಎದೆಮಟ್ಟ ಬೆಳೆದ ಬೆಟ್ಟದ ಹುಲ್ಲು ಜನವರಿಗೆ ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಗಾಳಿಗೆ ಹಾರಿದ ಒಂದು ಕಿಡಿ ಅಲ್ಲಿ ಬಿದ್ದರೆ ಇಳಿಜಾರಿನ ಮೇಲ್ಮುಖವಾಗಿ ಬೆಂಕಿ ಓಡುವ ವೇಗಕ್ಕೆ ಮನುಷ್ಯ ಓಡಲಾರ. ಪಕ್ಕದ ಬಂಡೀಪುರದಲ್ಲಿ 2019ರಲ್ಲಿ ಸಾವಿರಾರು ಎಕರೆ ಕಾಡು ಸುಟ್ಟದ್ದು ಫೆಬ್ರವರಿಯಲ್ಲೇ, ಬಿರುಬೇಸಿಗೆಯಲ್ಲಲ್ಲ. ಅನುಮತಿ ಪಡೆದು ಬೆಟ್ಟವನ್ನು ಹಗಲಲ್ಲಿ ಹತ್ತಿ ಇಳಿಯಿರಿ. ಬೆಂಕಿ, ಟೆಂಟ್ ಎರಡೂ ಕೆಳಗೆ ಖಾಸಗಿ ಜಾಗದಲ್ಲಿರಲಿ: ಹೋಂಸ್ಟೇ ಅಂಗಳ, ತೋಟದ ಬಯಲು, ಕೊಯ್ಲಾದ ಗದ್ದೆ. ಅದೂ ಮಾಲೀಕರ ಒಪ್ಪಿಗೆ ಪಡೆದು, ಬೆಂಕಿ ಇಂಥ ಕಡೆಯೇ ಎಂದು ತೋರಿಸಿ.

ತೋಟದೊಳಗೂ ಎಲ್ಲೆಂದರಲ್ಲಿ ಆಗುವುದಿಲ್ಲ. ಹೊರಗಿನಿಂದ ಬಂದವರಿಗೆ ಹೊಳೆಯದ ಕೆಲವು ಸಂಗತಿಗಳಿವೆ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಕಣದಲ್ಲಿ ಕಾಫಿ ಹರಡಿರುತ್ತದೆ. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬಹಳ ಬೇಗ ಹೀರಿಕೊಳ್ಳುತ್ತದೆ. ಹೊಗೆ ಹಿಡಿದ ಕಾಫಿ ರುಚಿ ನೋಡುವವರ ಮುಂದೆ ನಪಾಸು. ವರ್ಷವಿಡೀ ದುಡಿದವರ ಬೆಳೆ ನಿಮ್ಮ ಒಂದು ರಾತ್ರಿಯ ಬೆಂಕಿಯಿಂದ ಕೆಡಬಾರದು. ಕಣದಿಂದ ದೂರ, ಹೊಗೆ ಆ ಕಡೆ ಹೋಗದ ಜಾಗ ನೋಡಿ. ಕಣ ಖಾಲಿ ಇದ್ದರೂ ಸಿಮೆಂಟಿನ ಮೇಲೆ ನೇರವಾಗಿ ಬೆಂಕಿ ಬೇಡ, ಕಾವಿಗೆ ಸಿಮೆಂಟು ಸಿಡಿದು ಚಕ್ಕೆ ಏಳುತ್ತದೆ.

ನೆರಳಿನ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿರುತ್ತದೆ. ಬಳ್ಳಿ ಬಾಡಲು ಕೊಂಚ ಕಾವು ಸಾಕು, ಅದು ಮತ್ತೆ ಫಸಲಿಗೆ ಬರಲು ವರ್ಷಗಳೇ ಬೇಕು. ಮರದ ಕೆಳಗೆ ಹಾಕಲೇಬೇಡಿ. ಜಾಗ ಗೊತ್ತುಮಾಡುವ ಮೊದಲು ತಲೆಯೆತ್ತಿ ಸುತ್ತಲಿನ ಎತ್ತರದ ಮರಗಳನ್ನು ಒಮ್ಮೆ ನೋಡಿ. ಹೆಜ್ಜೇನು ಕಟ್ಟಿದ್ದರೆ ಅಲ್ಲಿಂದ ದೂರ ಸರಿಯಿರಿ. ಹಾಗೆಯೇ ಕಾಫಿ ಸಾಲುಗಳ ನಡುವೆ ತೊಟ್ಟಿಲು ಗುಂಡಿ ತೆಗೆದಿರುತ್ತಾರೆ. ಗಾಳಿ ತಾಗದ ಒಳ್ಳೆಯ ಒಲೆಯ ಹಾಗೆ ಕಾಣುತ್ತದೆ. ಆದರೆ ಅದು ನೀರು ಇಂಗಲು ಮಾಡಿದ್ದು, ಅದರ ತುಂಬ ತರಗೆಲೆ, ಗೊಬ್ಬರವಾಗುತ್ತಿರುವ ಕಸ. ಅಲ್ಲಿ ಬೆಂಕಿ ಹಾಕಿದರೆ ಕಿಡಿ ಕೆಳಗಿಳಿದು, ಬೇರಿನ ಗುಂಟ ದಿನಗಟ್ಟಲೆ ಹೊಗೆಯಾಡುತ್ತಾ ಹೋಗಿ, ನೀವು ಊರು ಸೇರಿದ ಮೇಲೆ ಇನ್ನೆಲ್ಲೋ ಮೇಲೇಳಬಹುದು.

ಸಿದ್ದಾಪುರ, ಅಮ್ಮತ್ತಿ, ವಿರಾಜಪೇಟೆ, ಪೊನ್ನಂಪೇಟೆ ಕಡೆಯ ತೋಟಗಳಲ್ಲಿ ಆನೆ ಓಡಾಡುತ್ತವೆ. ಬೆಂಕಿ ಇದ್ದರೆ ಆನೆ ಬರುವುದಿಲ್ಲ ಎಂದು ನಂಬಿ ಮಲಗಬೇಡಿ. ಪಟಾಕಿಗೂ ಜಗ್ಗದೆ ನಿಲ್ಲುವ ಆನೆಗಳಿವೆ. ಸಂಜೆಯೇ ತೋಟದ ಲೆಕ್ಕ ನೋಡುವ ರೈಟರನ್ನೋ ಮೇಸ್ತ್ರಿಯನ್ನೋ ಕಂಡು “ಅಣ್ಣಾ, ಆನೆ ಈಗ ಯಾವ ಕಡೆ ಇದೆ?” ಎಂದು ಕೇಳಿ. ಹತ್ತಿರದಲ್ಲೇ ಇದೆ ಎಂದರೆ ಆ ರಾತ್ರಿ ಟೆಂಟ್ ಬೇಡ, ಮನೆಯೊಳಗೇ ಮಲಗಿ. ಬಾಳೆಹಣ್ಣು, ಹಲಸು, ಅಕ್ಕಿ ಮೂಟೆ ಯಾವುದನ್ನೂ ಟೆಂಟಿನಲ್ಲಿ ಇಟ್ಟುಕೊಳ್ಳಬೇಡಿ.

ಗದ್ದೆಯೋ ಏರೋ ಎಂಬ ಪ್ರಶ್ನೆ ಬಂದರೆ ನನ್ನ ಆಯ್ಕೆ ಏರಿನ ನಡುಭಾಗದ ಸಮತಟ್ಟು. ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ಗದ್ದೆಯ ತಗ್ಗಿನಲ್ಲಿ ಮಡುಗಟ್ಟುತ್ತದೆ, ಮಂಜೂ ಅಲ್ಲೇ ಕೂರುತ್ತದೆ. ತೀರಾ ಮೇಲಿನ ದಿಬ್ಬದಲ್ಲಿ ಗಾಳಿಯ ಹೊಡೆತ. ನಡುವೆ ಇದ್ದರೆ ಒಂದೆರಡು ಡಿಗ್ರಿ ಲಾಭ.

ನೆಲ ಹದ ಮಾಡುವುದು

ಗುದ್ದಲಿ ಹಿಡಿದು ಸುಮಾರು ಆರಡಿ ಉದ್ದ, ಮೂರಡಿ ಅಗಲದ ಜಾಗದಲ್ಲಿ ತರಗೆಲೆ, ಕಪ್ಪು ಮಣ್ಣು, ಬೇರು ಎಲ್ಲವನ್ನೂ ಕೆಂಪು ಮಣ್ಣು ಕಾಣುವವರೆಗೆ ಕೆತ್ತಿ ತೆಗೆಯಿರಿ. ತೋಟದಲ್ಲಿ ಎಲೆಗೊಬ್ಬರದ ಪದರ ಕೆಲವೆಡೆ ಅರ್ಧ ಅಡಿ ಇರುತ್ತದೆ, ಸೋಮಾರಿತನ ಮಾಡದೆ ಅಷ್ಟೂ ತೆಗೆಯಬೇಕು. ಅದರ ಸುತ್ತ ಎಲ್ಲ ಕಡೆ ಹತ್ತು ಅಡಿ ಗುಡಿಸಿ ಬರಿನೆಲ ಮಾಡಿ. ತೆಗೆದ ಮಣ್ಣನ್ನು ಪಕ್ಕದಲ್ಲೇ ಗುಡ್ಡೆ ಹಾಕಿಡಿ, ಬೆಳಗ್ಗೆ ಬೇಕಾಗುತ್ತದೆ. ಎರಡು ಬಕೆಟ್ ನೀರು, ಒಂದು ಸನಿಕೆ, ಒಂದು ಹಸಿ ಕೋಲು ಕೈಗೆಟುಕುವಲ್ಲಿರಲಿ.

ಸುತ್ತ ಕಲ್ಲಿಡುವ ಆಸೆ ಇದ್ದರೆ ಒಣ ಜಾಗದ ಕಲ್ಲು ತನ್ನಿ. ಹೊಳೆಯಿಂದ, ತೋಡಿನಿಂದ ಎತ್ತಿದ ಕಲ್ಲಿನ ಬಿರುಕುಗಳಲ್ಲಿ ನೀರಿರುತ್ತದೆ; ಕಾದಾಗ ಅದು ಆವಿಯಾಗಿ ಕಲ್ಲು ಸಿಡಿಯುತ್ತದೆ.

ಸೌದೆ

ಅರ್ಧ ಕೆಲಸ ಇದೇ. ಬೆಂಕಿ ಹತ್ತುವುದಿಲ್ಲ, ಬರೀ ಹೊಗೆ ಎಂದು ಗೊಣಗುವವರ ಸೌದೆ ಮುಟ್ಟಿ ನೋಡಿದರೆ ಹಸಿಯಾಗಿರುತ್ತದೆ. ಹೊಸದಾಗಿ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಬೆಂಕಿಯ ಕಾವೆಲ್ಲ ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಹಸಿ ಕೊರಡನ್ನು ಉರಿಯ ಮೇಲಿಟ್ಟು ಅದರ ತುದಿ ನೋಡಿ: ಸಣ್ಣ ನೊರೆ ಬಂದು, ಚುಯ್ ಎಂದು ಸದ್ದು ಮಾಡುತ್ತಾ ನೀರು ತೊಟ್ಟಿಕ್ಕುತ್ತಿರುತ್ತದೆ. ಒಣಗಿದ ಸೌದೆಯ ಗುರುತು ಸುಲಭ. ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕು ಬಿಟ್ಟಿರುತ್ತದೆ, ತೊಗಟೆ ಕೈಯಲ್ಲೇ ಕಿತ್ತು ಬರುತ್ತದೆ, ಎರಡು ತುಂಡು ಒಂದಕ್ಕೊಂದು ಬಡಿದರೆ ಠಣ್ ಎನ್ನುತ್ತದೆ. ಹಸಿಯಾದರೆ ದಬ್ ಎಂದು ಮಂಕಾದ ಸದ್ದು. ಮಾಲೀಕರನ್ನು ಕೇಳುವಾಗ ಸೌದೆ ಇದೆಯಾ ಎಂದಷ್ಟೇ ಕೇಳಬೇಡಿ. ಹೋದ ಬೇಸಿಗೆಯಲ್ಲಿ ಸೀಳಿ ಕೊಟ್ಟಿಗೆಯಲ್ಲಿ ಒಟ್ಟಿದ್ದು ಇದೆಯಾ ಎಂದು ಕೇಳಿ, ದುಡ್ಡು ಕೊಟ್ಟು ತೆಗೆದುಕೊಳ್ಳಿ.

ಮರದಿಂದ ಮರಕ್ಕೆ ಗುಣ ಬೇರೆ. ಸಿಲ್ವರ್ ಓಕ್ ಹಗುರ, ಸಲೀಸಾಗಿ ಸೀಳುತ್ತದೆ, ಬೇಗ ಹತ್ತಿ ಬೇಗ ಮುಗಿಯುತ್ತದೆ. ಬೆಂಕಿ ಎಬ್ಬಿಸಲು ಅದು ಒಳ್ಳೆಯದು, ರಾತ್ರಿ ಕಳೆಯಲು ಅಲ್ಲ. ಹಳೇ ಕಾಫಿ ಗಿಡ ಕಿತ್ತಾಗ ಸಿಗುವ ಬೊಡ್ಡೆ, ದಪ್ಪ ಕಾಂಡ ಇವೆಯಲ್ಲ, ಅವು ರಾತ್ರಿಯ ಸೌದೆ. ಗಟ್ಟಿ ಮರ, ನಿಧಾನ ಉರಿ, ಬಹಳ ಹೊತ್ತು ನಿಲ್ಲುವ ಕೆಂಡ. ಮತ್ತಿ, ಹಲಸು ಕೂಡ ಚೆನ್ನಾಗಿ ನಿಲ್ಲುತ್ತವೆ. ಹಾಲುವಾಣ, ಬೂರುಗ ಬೆಂಡಿನಂಥ ಮರಗಳು, ಹೊರುವ ಶ್ರಮಕ್ಕೂ ತಕ್ಕವಲ್ಲ. ಬಿದಿರನ್ನು ಸೀಳದೆ ಹಾಕಬೇಡಿ. ಗೆಣ್ಣುಗಳ ನಡುವೆ ಸಿಕ್ಕಿಬಿದ್ದ ಗಾಳಿ ಕಾದು ಢಮ್ ಎಂದು ಒಡೆದು ಕೆಂಡ ನಾಲ್ಕು ಕಡೆ ಹಾರುತ್ತದೆ. ಸೀಳಿದ ಒಣ ಬಿದಿರು ಮಾತ್ರ ಬೆಂಕಿ ಹಚ್ಚಲು ಬಹಳ ಒಳ್ಳೆಯದು.

ಎರಡು ಗಿಡಗಳನ್ನು ದೂರವಿಡಿ. ಕಣಗಿಲೆಯ ಎಲೆ, ಕಡ್ಡಿ, ಹೊಗೆ ಎಲ್ಲವೂ ವಿಷ. ಹೊಳೆಗೇರಿನ ಜಾತಿಯ ಮರಗಳ ಸೊನೆ ತಾಗಿದರೆ ಮೈಮೇಲೆ ಬೊಬ್ಬೆ ಏಳುತ್ತದೆ, ಹೊಗೆಯೂ ಕಣ್ಣು, ಗಂಟಲಿಗೆ ಒಳ್ಳೆಯದಲ್ಲ. ಕಡಿದ ಕಡೆ ಕಪ್ಪು ಸೊನೆ ಒಸರಿ ಒಣಗಿದ ಕೊರಡು ಕಂಡರೆ ಮುಟ್ಟದಿರುವುದೇ ಸರಿ. ಬೀಟೆ, ತೇಗ, ಗಂಧ ಬಿದ್ದು ಒಣಗಿದ್ದರೂ ಎತ್ತಬೇಡಿ, ಅವಕ್ಕೆ ಬೇರೆಯೇ ಕಾನೂನಿದೆ.

ಎಷ್ಟು ಬೇಕು? ಇಬ್ಬರು ಮೂವರಿಗೆ ಸಾಲುವ ಹದವಾದ ಬೆಂಕಿಗೆ ಗಂಟೆಗೆ ನಾಲ್ಕೈದು ಕಿಲೋ ಗಟ್ಟಿ ಸೌದೆ ಎಂದು ಹಿಡಿಯಿರಿ. ಸಂಜೆಯಿಂದ ಬೆಳಗಿನವರೆಗಿನ ಹನ್ನೆರಡು ತಾಸಿಗೆ 50-60 ಕಿಲೋ, ಅಂದರೆ ಮೂರು ದೊಡ್ಡ ತಲೆಹೊರೆ. ಅದನ್ನು ಬೆಳಕಿರುವಾಗಲೇ ತಂದು ಮೂರು ಪಾಲು ಮಾಡಿ. ಬೆರಳಿಗಿಂತ ತೆಳ್ಳಗಿನ ಪುಳ್ಳೆ ಎರಡು ತೋಳು ತುಂಬ, ಮಣಿಕಟ್ಟಿನ ದಪ್ಪದ್ದು ಒಂದು ಹೊರೆ, ಉಳಿದದ್ದು ತೊಡೆ ದಪ್ಪದ ಕೊರಡು. ಇದರಲ್ಲಿ ಮೂರನೇ ಒಂದು ಭಾಗವನ್ನು ಬೇರೆ ತೆಗೆದು ಟಾರ್ಪಾಲು ಮುಚ್ಚಿಡಿ. ಅದು ಬೆಳಗಿನ ಜಾವದ ಪಾಲು, ಸಂಜೆ ಯಾರು ಕೇಳಿದರೂ ಕೊಡಬೇಡಿ. ಮುಚ್ಚುವುದನ್ನು ಮರೆಯುವಂತಿಲ್ಲ. ಹತ್ತು ಗಂಟೆಯ ನಂತರ ಇಲ್ಲಿ ಸಿಲ್ವರ್ ಓಕ್ ಎಲೆಗಳಿಂದ ಇಬ್ಬನಿ ಮಳೆಯಂತೆ ತಟಪಟ ಉದುರುತ್ತದೆ, ಬಯಲಿಗಿಟ್ಟ ಸೌದೆಯ ಮೇಲ್ಮೈ ಬೆಳಗಿನೊಳಗೆ ಪೂರ್ತಿ ನೆನೆದಿರುತ್ತದೆ.

ಜೋಡಿಸುವುದು

ಗೋಪುರದ ಹಾಗೆ ನಿಲ್ಲಿಸಿದ ಸೌದೆ ಚೆಂದ ಉರಿಯುತ್ತದೆ, ಗಂಟೆಯೊಳಗೆ ಕುಸಿಯುತ್ತದೆ. ರಾತ್ರಿಗೆ ಬೇಕಾದ್ದು ಉದ್ದುದ್ದ ಬೆಂಕಿ. ನಾಲ್ಕೈದು ಅಡಿ ಉದ್ದದ ಎರಡು ದಪ್ಪ ಕೊರಡುಗಳನ್ನು ಅಕ್ಕಪಕ್ಕ ಮಲಗಿಸಿ. ನಡುವೆ ನಾಲ್ಕು ಬೆರಳು ಜಾಗ ಬಿಡಿ. ಎರಡೂ ತುದಿಗಳ ಕೆಳಗೆ ಮಣಿಕಟ್ಟು ದಪ್ಪದ ಹಸಿ ಕೋಲನ್ನು ಅಡ್ಡ ಇಟ್ಟರೆ ಕೊರಡು ನೆಲದಿಂದ ಕೊಂಚ ಮೇಲೆದ್ದು ಅಡಿಯಿಂದ ಗಾಳಿ ಆಡುತ್ತದೆ. ಪುಳ್ಳೆಯ ಬೆಂಕಿಯನ್ನು ಆ ಸಂದಿಯ ಉದ್ದಕ್ಕೂ ಹಚ್ಚುವುದು. ಎರಡೂ ಕೊರಡಿನ ಒಳಮೈ ಕೆಂಪಾದ ಮೇಲೆ ಮೂರನೆಯದನ್ನು ಸಂದಿಯ ಮೇಲೆ ಇಡುವುದು.

ಇದು ನಿಲ್ಲುವುದಕ್ಕೆ ಕಾರಣವಿದೆ. ಒಂಟಿ ಕೊರಡು ತನ್ನ ಕಾವನ್ನು ಬಯಲಿಗೆ ಚೆಲ್ಲಿ ಆರಿಹೋಗುತ್ತದೆ. ಎದುರುಬದುರು ಇದ್ದರೆ ಒಂದರ ಕಾವು ಇನ್ನೊಂದಕ್ಕೆ ತಾಗಿ ಎರಡೂ ಕೆಂಡವಾಗಿಯೇ ಉಳಿಯುತ್ತವೆ. ಉರಿ ಹೆಚ್ಚು ಬೇಕೆಂದರೆ ಕೊರಡುಗಳನ್ನು ಎರಡು ಬೆರಳಿನಷ್ಟು ಸಮೀಪ ತನ್ನಿ, ಕಡಿಮೆ ಸಾಕೆಂದರೆ ದೂರ ಸರಿಸಿ. ಹಸಿ ಕೋಲಿನಿಂದ ಒಮ್ಮೆ ತಳ್ಳಿದರೆ ಮುಗಿಯಿತು.

ಉದ್ದವನ್ನು ಯಾವ ದಿಕ್ಕಿಗೆ ಇಡಬೇಕೆಂಬುದಕ್ಕೆ ರಾತ್ರಿಯ ಗಾಳಿಯನ್ನು ನೆನೆಯಿರಿ. ಹಗಲು ಗಾಳಿ ಕಣಿವೆಯಿಂದ ಮೇಲೇರುತ್ತದೆ. ಕತ್ತಲಾದ ಮೇಲೆ ತಿರುಗಿ ಏರಿನಿಂದ ಕೆಳಗೆ ಇಳಿಯುತ್ತದೆ. ಬೆಂಕಿಯ ಉದ್ದ ಆ ಇಳಿಗಾಳಿಯ ಜಾಡಿನಲ್ಲೇ ಇದ್ದು, ನೀವು ಎಡಬಲದಲ್ಲಿ ಕೂತರೆ ಹೊಗೆ ಯಾರ ಮುಖಕ್ಕೂ ಬರುವುದಿಲ್ಲ. ಸಂಜೆ ನಾಲ್ಕಕ್ಕೆ ಗಾಳಿ ನೋಡಿ ಜಾಗ ಗೊತ್ತುಮಾಡಿದವರು ರಾತ್ರಿ ಎಂಟಕ್ಕೆ ಕೆಮ್ಮುವುದು ಈ ತಿರುಗಾಟದಿಂದಲೇ.

ಹಚ್ಚಲು ಕರ್ಪೂರಕ್ಕಿಂತ ಒಳ್ಳೆಯದಿಲ್ಲ. ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿ ನಾಲ್ಕು ಬಿಲ್ಲೆ ಇದ್ದರೆ ಎಂಥ ಥಂಡಿಯಲ್ಲೂ ಹತ್ತುತ್ತದೆ. ಒಂದು ಬಿಲ್ಲೆಯ ಮೇಲೆ ತೆಂಗಿನ ಕರಟದ ಚೂರು, ಅದರ ಮೇಲೆ ಕತ್ತಿಯಿಂದ ಹೆರೆದ ಸಿಲ್ವರ್ ಓಕ್ ಸುರುಳಿ, ಮೇಲೆ ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು ತೆಳ್ಳಗಿನ ಪುಳ್ಳೆ. ಅದು ಚಟಪಟ ಎನ್ನುವವರೆಗೆ ಮುಂದಿನದನ್ನು ಹಾಕಬೇಡಿ. ಊದುವಾಗ ಬುಡಕ್ಕೆ ಊದಿ, ಉರಿಗಲ್ಲ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಸುರಿಯುವವರನ್ನು ಕಂಡರೆ ತಡೆಯಿರಿ. ಅದರಲ್ಲೂ ಅರೆಬೆಂದ ಕೆಂಡದ ಮೇಲೆ ಪೆಟ್ರೋಲ್ ಹಾಕಿದರೆ ಅದರ ಆವಿ ಒಮ್ಮೆಲೇ ಭುಗಿಲೆದ್ದು ಕೈಯಲ್ಲಿನ ಕ್ಯಾನ್‌ವರೆಗೂ ಬರುತ್ತದೆ.

ಮಲಗುವುದು ಎಲ್ಲಿ

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಹೊರಗಿನ ಬೆಂಕಿ ಟೆಂಟನ್ನು ಬಿಸಿ ಮಾಡುವುದಿಲ್ಲ. ನೈಲಾನ್, ಪಾಲಿಯೆಸ್ಟರ್ ಬಟ್ಟೆಗೆ ಒಂದು ಕಿಡಿ ಸಾಕು, ತೂತು ಬೀಳುತ್ತದೆ ಅಥವಾ ಹತ್ತಿಕೊಳ್ಳುತ್ತದೆ. ಹಾಗಾಗಿ ಟೆಂಟ್ ಕನಿಷ್ಠ 15 ಅಡಿ ದೂರ, ಗಾಳಿ ಬರುವ ಬದಿಯಲ್ಲಿರಬೇಕು. ಬೆಂಕಿಯ ಕಾವಾದರೋ ದೂರ ಎರಡರಷ್ಟಾದರೆ ಹೆಚ್ಚುಕಡಿಮೆ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. 15 ಅಡಿಯಾಚೆ, ಬಟ್ಟೆಯ ಗೋಡೆಯ ಹಿಂದೆ ಏನೂ ಉಳಿಯುವುದಿಲ್ಲ. ಆದ್ದರಿಂದ ಎರಡರಲ್ಲಿ ಒಂದು ದಾರಿ ಆರಿಸಿಕೊಳ್ಳಿ.

ಮೊದಲನೆಯದು, ಟೆಂಟ್ ಬಿಟ್ಟು ಬೆಂಕಿಯ ಪಕ್ಕದಲ್ಲೇ ಮಲಗುವುದು. ಬೆನ್ನ ಹಿಂದೆ ಟಾರ್ಪಾಲನ್ನು ಓರೆಯಾಗಿ ಕಟ್ಟಿ, ಬೆಂಕಿಯಿಂದ ಆರೇಳು ಅಡಿ ದೂರದಲ್ಲಿ, ಬೆಂಕಿಯ ಉದ್ದಕ್ಕೆ ಸಮನಾಗಿ ಮಲಗಬೇಕು. ಆ ಟಾರ್ಪಾಲು ಇಬ್ಬನಿ ತಡೆಯುತ್ತದೆ, ಬೆನ್ನಿಗೆ ಗಾಳಿ ಹೊಡೆಯದಂತೆ ನೋಡಿಕೊಳ್ಳುತ್ತದೆ. ಮುಂದೆ ಬಿಸಿ, ಬೆನ್ನು ಮಂಜುಗಡ್ಡೆ ಎಂಬ ಪಾಡು ಅರ್ಧ ತಪ್ಪುತ್ತದೆ. ಹೊದಿಕೆಗೆ ಉಣ್ಣೆಯ ಕಂಬಳಿಯೇ ಇರಲಿ. ಉಣ್ಣೆಗೆ ಕಿಡಿ ಬಿದ್ದರೆ ಕರಿಕಾಗಿ ನಿಲ್ಲುತ್ತದೆ, ನೈಲಾನ್ ಸ್ಲೀಪಿಂಗ್ ಬ್ಯಾಗಿನ ಹಾಗೆ ಕರಗಿ ಮೈಗೆ ಅಂಟುವುದಿಲ್ಲ. ಈ ದಾರಿಗೆ ಒಂದೇ ಷರತ್ತು: ಯಾರಾದರೂ ಒಬ್ಬರು ಸದಾ ಎಚ್ಚರ ಇರಬೇಕು. ಮೂವರಿದ್ದರೆ ಎರಡೆರಡು ಗಂಟೆಯ ಪಾಳಿ. ಒಬ್ಬರೇ ಇದ್ದರೆ ಇದು ಬೇಡ.

ಎರಡನೆಯದು, ಟೆಂಟಿನಲ್ಲೇ ಮಲಗಿ ಬೆಂಕಿಯನ್ನು ಬೇರೆ ರೀತಿಯಲ್ಲಿ ಬಳಸುವುದು. ಬಹಳ ಜನರಿಗೆ ಇದೇ ಸರಿ. ಮಲಗುವ ಮುಂಚೆ ಬೆಂಕಿಯ ಮೇಲೆ ನೀರು ಕುದಿಸಿ ಸ್ಟೀಲ್ ಬಾಟಲಿಗೆ ತುಂಬಿ, ಉಣ್ಣೆಯ ಕಾಲುಚೀಲದೊಳಗೆ ಹಾಕಿ ಕಾಲ ಬುಡದಲ್ಲಿ ಇಟ್ಟುಕೊಳ್ಳಿ. ಅರ್ಧ ರಾತ್ರಿಯವರೆಗೆ ಬೆಚ್ಚಗಿರುತ್ತದೆ. ಕೆಳಗಿನ ಹಾಸು ಮೇಲಿನ ಹೊದಿಕೆಗಿಂತ ಮುಖ್ಯ, ಏಕೆಂದರೆ ಮೈಯ ಭಾರಕ್ಕೆ ಅಡಿಯ ಹೊದಿಕೆ ಅಮುಕಿಹೋಗಿ ನೆಲ ನೇರವಾಗಿ ಕಾವು ಹೀರುತ್ತದೆ. ಗದ್ದೆ ಕೊಯ್ಲಾಗಿ ಹುಲ್ಲು ಬಣವೆ ಹಾಕಿದ ಹೊತ್ತಿದು. ಮಾಲೀಕರನ್ನು ಕೇಳಿ ಎರಡು ಹೊರೆ ಒಣ ಹುಲ್ಲು ಪಡೆದು ಟೆಂಟಿನ ಅಡಿಗೆ ಒಂದಡಿ ದಪ್ಪ ಹರಡಿ, ಮೇಲೆ ಟಾರ್ಪಾಲು ಹಾಸಿ. ಹುಲ್ಲು ಟೆಂಟಿನ ಅಂಚಿನಿಂದ ಹೊರಗೆ ಚಾಚದಿರಲಿ. ಉಣುಗು (ರಕ್ತ ಹೀರುವ ಹುಳು) ಇದೆಯೇ ಎಂದು ಮೊದಲೇ ಕೊಡವಿ ನೋಡಿ.

ಎರಡರಲ್ಲಿ ಯಾವುದೇ ಇರಲಿ, ಚಳಿಗೆಂದು ಹೆಂಡ ಏರಿಸಬೇಡಿ. ಕುಡಿದಾಗ ಚರ್ಮದ ರಕ್ತನಾಳಗಳು ಹಿಗ್ಗಿ ಮೈ ಬಿಸಿಯಾದಂತೆ ಅನಿಸುತ್ತದೆ. ನಿಜದಲ್ಲಿ ಒಳಗಿನ ಕಾವು ಹೊರಗೆ ಹೋಗುತ್ತಿರುತ್ತದೆ. ಬೆಂಕಿ ಕಾಯುವ ಪಾಳಿಯವರಂತೂ ಮುಟ್ಟಲೇಬಾರದು.

ಕೆಂಡ ಟೆಂಟಿನೊಳಗೆ ಬೇಡ

ಬಾಣಲೆಯಲ್ಲಿ ನಾಲ್ಕು ಕೆಂಡ ಹಾಕಿ ಒಳಗಿಟ್ಟುಕೊಳ್ಳೋಣ, ಹೊಗೆಯೇನೂ ಇಲ್ಲವಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹೊಗೆಯಿಲ್ಲದ ಕೆಂಡವೇ ಹೆಚ್ಚು ಅಪಾಯ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಪ್ರತಿ ಚಳಿಗಾಲ ದೇಶದ ಒಂದಲ್ಲ ಒಂದು ಕಡೆಯಿಂದ, ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಿದ ಕುಟುಂಬದ ಸುದ್ದಿ ಬರುತ್ತದೆ. ಜಿಪ್ ಸ್ವಲ್ಪ ತೆರೆದಿಟ್ಟರೆ ಸಾಕು ಎಂಬುದೂ ಸುಳ್ಳು ಧೈರ್ಯ. ಯಾರಿಗಾದರೂ ತಲೆನೋವು, ವಾಕರಿಕೆ, ಕಾರಣವಿಲ್ಲದ ಮಂಪರು ಕಂಡರೆ ತಕ್ಷಣ ಬಯಲಿಗೆ ಕರೆತನ್ನಿ, 108ಕ್ಕೆ ಕರೆ ಮಾಡಿ. ಫೋನ್ ಸಿಗ್ನಲ್ ತೋಟದ ಯಾವ ಮೂಲೆಯಲ್ಲಿ ಸಿಗುತ್ತದೆ ಎಂಬುದನ್ನು ಸಂಜೆಯೇ ನೋಡಿಟ್ಟುಕೊಳ್ಳಿ.

ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರು 20 ನಿಮಿಷ. ಟೂತ್‌ಪೇಸ್ಟ್, ಶಾಯಿ, ಎಣ್ಣೆ ಬೇಡ.

ರಾತ್ರಿಯ ಸರದಿ

ಆರೂವರೆಗೆ ಹಚ್ಚಿ. ಎಂಟರವರೆಗೆ ಸಿಲ್ವರ್ ಓಕ್ ಉರಿಯಲ್ಲಿ ಅಡುಗೆ, ಊಟ. ಅಷ್ಟರಲ್ಲಿ ಉದ್ದನೆಯ ಕೊರಡುಗಳ ಒಳಮೈ ಕೆಂಪಾಗಿರುತ್ತದೆ. ಹತ್ತರ ಹೊತ್ತಿಗೆ ಕಾಫಿ ಬೊಡ್ಡೆಗಳನ್ನು ಸೇರಿಸಿ, ಉರಿ ತಗ್ಗಿಸಿ. ಅಲ್ಲಿಂದ ಮುಂದೆ ಪಾಳಿಯವರು ಮುಕ್ಕಾಲು ಗಂಟೆಗೊಮ್ಮೆ ಕೊರಡುಗಳನ್ನು ಹತ್ತಿರ ತಳ್ಳಿ, ಒಂದು ಹೊಸದನ್ನು ಇಟ್ಟರೆ ಸಾಕು. ಹೊಸ ಕೊರಡನ್ನು ಇಡುವ ಮುನ್ನ ಅರ್ಧ ಗಂಟೆ ಬೆಂಕಿಯ ಬದಿಯಲ್ಲಿ ಕಾಯಲು ಬಿಡಿ, ಮೇಲಿನ ತೇವ ಆರಿ ಹೊಗೆ ಕಮ್ಮಿಯಾಗುತ್ತದೆ. ನಾಲ್ಕಕ್ಕೆ ಟಾರ್ಪಾಲು ಸರಿಸಿ ಎತ್ತಿಟ್ಟ ಪಾಲು ತೆಗೆಯಿರಿ. ಬೆಳಕು ಹರಿಯುವವರೆಗೆ ಕೈಬಿಚ್ಚಿ ಉರಿಸಿ.

ಪಾಳಿಗೆ ಜನವಿಲ್ಲದೆ ಎಲ್ಲರೂ ಟೆಂಟಿಗೆ ಹೋಗುವುದಾದರೆ ಉರಿಯುವ ಬೆಂಕಿ ಬಿಟ್ಟು ಹೋಗುವಂತಿಲ್ಲ. ನೀರು ಹಾಕಿ ಪೂರ್ತಿ ಆರಿಸಿ. ಬೂದಿ ಮುಚ್ಚಿದ ಕೆಂಡವನ್ನು ಬೆಳಗ್ಗೆ ಕೆದಕಿ ಎಬ್ಬಿಸುವುದು ಮನೆಯ ಒಲೆಗೆ ಸರಿ, ಗಾಳಿ ಯಾವಾಗ ತಿರುಗುತ್ತದೋ ಗೊತ್ತಿಲ್ಲದ ಬಯಲಿಗಲ್ಲ. ನಾಲ್ಕಕ್ಕೆ ಎದ್ದು ಹೊಸದಾಗಿ ಹಚ್ಚಲು ಒಂದು ಬಿಲ್ಲೆ ಕರ್ಪೂರ, ಒಣ ಪುಳ್ಳೆ, ಮುಚ್ಚಿಟ್ಟ ಸೌದೆ ಇದ್ದರೆ ಹತ್ತು ನಿಮಿಷದ ಕೆಲಸ.

ಆರಿಸುವುದು

ಹೊರಡುವ ಎರಡು ಗಂಟೆ ಮುಂಚೆ ಸೌದೆ ಹಾಕುವುದು ನಿಲ್ಲಿಸಿ. ಉಳಿದ ಕೊರಡುಗಳನ್ನು ಬೇರೆ ಬೇರೆ ಸರಿಸಿ, ಸುಟ್ಟ ತುದಿಗಳನ್ನು ಒಂದೊಂದಾಗಿ ಬಕೆಟಿನಲ್ಲಿ ಅದ್ದಿ. ಕೆಂಡದ ಮೇಲೆ ನೀರು ಚಿಮುಕಿಸಿ, ಸನಿಕೆಯಿಂದ ಕಲಸಿ, ಮತ್ತೆ ನೀರು, ಮತ್ತೆ ಕಲಸು. ಹಬೆ ನಿಂತ ಮೇಲೆ ಅಂಗೈಯ ಹಿಂಬದಿಯನ್ನು ಬೂದಿಯ ಸಮೀಪ ಹಿಡಿದು ನೋಡಿ. ಕಾವು ತಾಗದಿದ್ದರೆ ಬೆರಳಿನಿಂದ ಕೆದಕಿ, ಅಡಿಯ ಮಣ್ಣನ್ನೂ ಮುಟ್ಟಿ ನೋಡಿ. ಅಡಿಮಣ್ಣು ಬೆಚ್ಚಗಿದ್ದರೆ ಇನ್ನೊಂದು ಬಕೆಟ್ ಬೇಕು. ಒಣ ಮಣ್ಣು ಮುಚ್ಚಿ ಹೊರಡುವುದು ಆರಿಸಿದಂತೆ ಅಲ್ಲ, ಕೆಂಡ ಅದರಡಿ ಮರುದಿನದವರೆಗೂ ಜೀವ ಹಿಡಿದಿರುತ್ತದೆ. ಪೂರ್ತಿ ತಣ್ಣಗಾದ ಬೂದಿಯನ್ನು ಬಾಳೆಬುಡಕ್ಕೆ ಹಾಕಬಹುದೇ ಎಂದು ಮಾಲೀಕರನ್ನು ಕೇಳಿ. ಪೊಟ್ಯಾಷ್ ಇರುವುದರಿಂದ ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ. ಪಕ್ಕದಲ್ಲಿ ಗುಡ್ಡೆ ಹಾಕಿದ್ದ ಮಣ್ಣು, ತರಗೆಲೆಯನ್ನು ಆಮೇಲೆ ಮರಳಿ ಹರಡಿ, ಬೆಂಕಿ ಇದ್ದ ಜಾಗವನ್ನು ಸಂಜೆ ಒಮ್ಮೆ ನೋಡಿ ಬರುವಂತೆ ತೋಟದವರಿಗೆ ಹೇಳಿ ಹೊರಡಿ.